ಭಾವ ಒತ್ತಿದ ಬಟನ್

ಬಂದರಿನ ಹಿಂದಿನ ಕಂಪನಿ ಶೆಡ್ಡಿನಲ್ಲಿ ಅವಳಿಗೆ ಎಲ್ಲರೂ ಕಿವಿಯಮ್ಮ ಎನ್ನುತ್ತಿದ್ದರು. ಆ ಹೆಸರಿಟ್ಟವನು ಅವಳ ಅಕ್ಕನ ಗಂಡ. ಅವನೂ ಅದೇ ಕಂಪನಿಯವನು, ಡೈವರ್. ಸೇತುವೆಯ ಕಂಬ, ಹಡಗುಕಟ್ಟೆಯ ಕಂಬ, ಇವುಗಳ ಬುಡ ಸವೆದಿದೆಯೋ ಬಿರುಕು ಬಿಟ್ಟಿದೆಯೋ ಎಂದು ನೀರಿಗಿಳಿದು ನೋಡಿಕೊಂಡು ಬರುವುದು ಅವನ ಕಸುಬು. ಅವಳು ಭಾವ, ಭಾವ ಎಂದು ಕರೆಯುವುದನ್ನು ಕೇಳಿ ಕೇಳಿ ದೋಣಿಯವರು, ಸ್ಟೋರಿನವರು, ಕೊನೆಗೆ ವಯಸ್ಸಿನಲ್ಲಿ ಅವನಿಗಿಂತ ಎಷ್ಟೋ ದೊಡ್ಡವರಾದ ಮುಖ್ಯಸ್ಥರು ಕೂಡ ಅವನನ್ನು ಭಾವ ಅನ್ನತೊಡಗಿದ್ದರು. ನನಗೆ ಹೆಣ್ಣು ಕೊಟ್ಟ ಮನೆಗಳು ಎಷ್ಟಿವೆಯೋ ನನಗೇ ಗೊತ್ತಿಲ್ಲ ಎಂದು ಅವನು ಹೇಳಿಕೊಂಡು ನಗುತ್ತಿದ್ದ.

ಮಾತಿನ ಮಲ್ಲ ಅವನು. ನೀರಿನಿಂದ ಮೇಲೆ ಬಂದನೆಂದರೆ ಜೊತೆಗೊಂದು ಕಥೆಯೂ ಬರುತ್ತಿತ್ತು. ಗೇಣುದ್ದದ ಮೀನು ಅವನ ಬಾಯಲ್ಲಿ ಆಳುದ್ದವಾಗುತ್ತಿತ್ತು. ಅದು ಬರೀ ಬೊಗಳೆ ಎಂದು ಕೇಳುವವರಿಗೂ ಗೊತ್ತು, ಅವನಿಗೂ ಗೊತ್ತು. ಆದರೂ ಟವೆಲು ಹೆಗಲಿಗೆ ಹಾಕಿಕೊಂಡು ಅವನು ಶುರು ಮಾಡಿದರೆ ಯಾರೂ ಎದ್ದು ಹೋಗುತ್ತಿರಲಿಲ್ಲ. ಇದನ್ನು ಮೊದಲೇ ಯಾಕೆ ಹೇಳಿಬಿಡಬೇಕೆಂದರೆ, ಮುಂದೆ ಅವನು ನಿಜ ಹೇಳಿದಾಗ ಯಾರೂ ನಂಬದೇ ಹೋದದ್ದಕ್ಕೆ ಈ ಬೊಗಳೆಯೂ ಒಂದು ಕಾರಣ. ಇನ್ನೊಂದು ಕಾರಣ ಕಿವಿಯಮ್ಮ.

ಅವಳ ಕೆಲಸ ರಿಸೀವರ್ ಮಾಡುವುದು. ನೀರಿನೊಳಗೆ ರೇಡಿಯೊ ನಡೆಯುವುದಿಲ್ಲ, ಮೊಬೈಲಂತೂ ಕೇಳಲೇಬೇಡಿ. ಅಲ್ಲಿ ದೂರ ಹೋಗುವುದು ಸದ್ದೊಂದೇ. ಡೈವರನ ಮುಂಗೈಗೆ ಕಟ್ಟಿದ ಡಬ್ಬಿಯಲ್ಲಿ ನಾಲ್ಕು ಬಟನ್ನುಗಳಿದ್ದವು: ಎಲ್ಲ ಸರಿ, ಕೆಲಸ ಮುಗಿಯಿತು, ಗಾಳಿ ಕಡಿಮೆ, ಸಿಕ್ಕಿಕೊಂಡಿದ್ದೇನೆ. ಒಂದೊಂದು ಒತ್ತಿದರೂ ಡಬ್ಬಿ ಒಂದೊಂದು ತರದ ಸದ್ದು ಬಿಡುತ್ತಿತ್ತು. ದೋಣಿಯ ಪಕ್ಕಕ್ಕೆ ನೀರಿನಲ್ಲಿ ಇಳಿಬಿಟ್ಟ ಮೈಕು ಆ ಸದ್ದನ್ನು ಹಿಡಿದು ರಿಸೀವರಿಗೆ ಕೊಡುತ್ತಿತ್ತು, ರಿಸೀವರು ಅದು ಯಾವ ಮಾತು ಎಂದು ಗುರುತು ಹಿಡಿದು ಪರದೆಯ ಮೇಲೆ ತೋರಿಸುತ್ತಿತ್ತು.

ಹೇಳುವುದಕ್ಕೆ ಇಷ್ಟೇ, ಮಾಡಲು ಕೂತರೆ ಗೋಳು. ಡೈವರ್ ಒಂದು ಸಲ ಒತ್ತಿದ ಸದ್ದು ನೇರವಾಗಿ ಒಮ್ಮೆ ಬರುತ್ತದೆ, ಮೇಲಿನ ಅಲೆಗೆ ಬಡಿದು ಇನ್ನೊಮ್ಮೆ ಬರುತ್ತದೆ, ತಳಕ್ಕೆ ಬಡಿದು ಮತ್ತೊಮ್ಮೆ, ಸುತ್ತಲಿನ ಕಂಬಗಳಿಗೆ ಬಡಿದು ಎಷ್ಟು ಸಲವೋ ದೇವರೇ ಬಲ್ಲ. ಸಾಮಾನು ಖಾಲಿ ಮಾಡಿದ ಮನೆಯಲ್ಲಿ ನಿಂತು ಮಾತಾಡಿದರೆ ನಮ್ಮ ಮಾತು ನಮ್ಮ ಮೇಲೇ ಬೀಳುತ್ತದಲ್ಲ, ಹಾಗೆ ಎಲ್ಲ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಡೈವರ್ ಕೈಯಾಡಿಸಿದರೆ ಸ್ವರವೇ ಏರಿಳಿಯುತ್ತದೆ. ಈ ಗದ್ದಲದೊಳಗಿಂದ ಅವನು ನಿಜವಾಗಿ ಹೇಳಿದ್ದನ್ನು ಹೆಕ್ಕಿ ತೆಗೆಯಬೇಕು. ಕಿವಿಯಮ್ಮ ಅದಕ್ಕೆ ವರ್ಷಗಟ್ಟಲೆ ತಲೆ ಕೊಟ್ಟಿದ್ದಳು. ಶೆಡ್ಡಿನ ಸಿಮೆಂಟು ತೊಟ್ಟಿಯ ಪಕ್ಕದಲ್ಲಿ, ಯಾವಾಗಲೂ ಒದ್ದೆಯಾಗಿರುವ ನೆಲದ ಮೇಲೆ ಒಂದು ಹಲಗೆ ಹಾಸಿಕೊಂಡು, ಮೇಜಿನ ಮೇಲೆ ವೈರುಗಳ ನಡುವೆ ಟೀ ಲೋಟಕ್ಕೆ ಜಾಗ ಮಾಡಿಕೊಂಡು ದುಡಿದಿದ್ದಳು. ಅದನ್ನು ಯಾರೂ ಇಲ್ಲ ಅನ್ನುವ ಹಾಗಿಲ್ಲ.

ಎಡವಟ್ಟಾದದ್ದು ಮೊದಲ ಸಲ ಸಮುದ್ರಕ್ಕೆ ಇಳಿಸಿದಾಗ. ಎಲ್ಲೋ ದೂರದಲ್ಲಿ ಹೋದ ಮೀನಿನ ದೋಣಿಯ ಸದ್ದು ಅದಕ್ಕೆ ‘ಸಿಕ್ಕಿಕೊಂಡಿದ್ದೇನೆ’ ಎಂದು ಕೇಳಿಸಿತು. ಪರದೆ ಕೆಂಪಾಯಿತು, ದೋಣಿಯಲ್ಲಿ ಕಾದು ಕೂತಿದ್ದ ಇನ್ನೊಬ್ಬ ಡೈವರ್ ಹಿಂದೆಮುಂದೆ ನೋಡದೆ ನೀರಿಗೆ ಹಾರಿದ. ಕೆಳಗೆ ತನ್ನ ಪಾಡಿಗೆ ತಾನು ಕಂಬದ ಪಾಚಿ ಕೆರೆಯುತ್ತಿದ್ದ ಭಾವನನ್ನು ರಟ್ಟೆ ಹಿಡಿದು ಮೇಲೆ ಎಳೆದು ತಂದ. ಅದೇ ವಾರ ಮತ್ತೆ ಹಾಗೇ ಆಯಿತು. ಆಮೇಲೆ ಇನ್ನೊಮ್ಮೆ. ಕ್ಯಾಂಟೀನಿನಲ್ಲಿ ಯಾರಾದರೂ ಚಮಚ ಬೀಳಿಸಿದರೆ ಸಾಕು, ಅಯ್ಯೋ ಭಾವ ಸಿಕ್ಕಿಕೊಂಡ ಎಂದು ಉಳಿದವರು ಎದ್ದು ನಿಲ್ಲುವುದು, ನಗುವುದು. ಮುಖ್ಯಸ್ಥರೂ ಒಂದು ಮೀಟಿಂಗಿನಲ್ಲಿ, ಹೊರಗಿನವರ ಮುಂದೆಯೇ, ನಮ್ಮ ಕಿವಿಯಮ್ಮನ ಕಿವಿಗೆ ಸ್ವಲ್ಪ ಪುಕ್ಕಲು ಜಾಸ್ತಿ ಎಂದುಬಿಟ್ಟರು. ಎಲ್ಲರೂ ನಕ್ಕರು, ಅವಳೂ ನಕ್ಕಳು. ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತಳು.

ಆ ನಗು ನಿಲ್ಲಿಸಲಿಕ್ಕೆ ಅವಳು ಒಂದು ಕೆಲಸ ಮಾಡಿದಳು. ಡೈವರುಗಳು ಕಳಿಸುವ ಮಾತುಗಳಲ್ಲಿ ಹೆಚ್ಚುಕಮ್ಮಿ ಎಲ್ಲವೂ ‘ಎಲ್ಲ ಸರಿ’ ಎಂಬುದೇ ಅಲ್ಲವೇ? ಹಾಗಾದರೆ ಸದ್ದು ಅಸ್ಪಷ್ಟವಾಗಿ ಬಂದಾಗ, ಇದೋ ಅದೋ ಎಂಬ ಅನುಮಾನ ಬಂದಾಗ, ರಿಸೀವರು ಸಾಮಾನ್ಯವಾಗಿ ಬರುವ ಮಾತಿನ ಕಡೆಗೇ ವಾಲಲಿ. ಹೀಗೆ ಯೋಚಿಸಿ ರಿಸೀವರಿನ ಲೆಕ್ಕದೊಳಗೆ ಒಂದು ಒಲವು ಸೇರಿಸಿದಳು. ಅವತ್ತಿನಿಂದ ಸುಳ್ಳು ಕೂಗು ಬಂದ್. ಒಟ್ಟು ಎಷ್ಟು ಮಾತು ಸರಿಯಾಗಿ ಗುರುತಾಯಿತು ಎಂದು ನೋಡಿದರೆ ಫಲಿತಾಂಶ ಜಿಗಿದು ಕೂತಿತ್ತು. ಮುಖ್ಯಸ್ಥರು ಬೆನ್ನು ತಟ್ಟಿದರು. ಭಾವ ಊರೆಲ್ಲ ಸುತ್ತಿ ನನ್ನ ನಾದಿನಿಯ ಯಂತ್ರ ಮೀನಿನ ಪಿಸುಮಾತನ್ನೂ ಕೇಳಿಸಿಕೊಳ್ಳುತ್ತೆ ಎಂದು ಸಾರಿಕೊಂಡು ಬಂದ.

ಅಪಾಯದ ಬಟನ್ನಿಗೆ ಈ ಒಲವು ತಗಲಬಾರದು ಎನ್ನುವುದು ಅವಳಿಗೆ ಹೊಳೆಯಲಿಲ್ಲವೇ ಅಂದರೆ, ಹೊಳೆದಿತ್ತು. ಒಂದು ಮಧ್ಯಾಹ್ನ ಆ ಬಟನ್ನನ್ನು ಹೊರಗಿಟ್ಟು ನೋಡಿಯೂ ನೋಡಿದ್ದಳು. ಸುಳ್ಳು ಕೂಗು ಮತ್ತೆ ಶುರುವಾಗಿತ್ತು. ಕ್ಯಾಂಟೀನಿನ ಚಮಚ ನೆನಪಾಯಿತು. ಆಮೇಲೆ ನೋಡೋಣ, ನಿಜವಾಗಿ ಸಿಕ್ಕಿಕೊಂಡವನು ಒಂದೇ ಸಲ ಒತ್ತಿ ಸುಮ್ಮನಿರುತ್ತಾನೆಯೇ, ಹತ್ತು ಸಲ ಒತ್ತುತ್ತಾನೆ, ಒಂದಲ್ಲ ಒಂದು ಸರಿಯಾಗಿ ಕೇಳುತ್ತದೆ ಎಂದುಕೊಂಡು ಹಾಗೇ ಬಿಟ್ಟಳು. ಸಿಕ್ಕಿಕೊಂಡವನು ಒಂದೇ ಕಡೆ ಇರುತ್ತಾನೆ, ಒಂದೇ ಕಡೆಯಿಂದ ಹತ್ತು ಸಲ ಒತ್ತಿದರೂ ಹತ್ತು ಸಲವೂ ಅದೇ ಕಂಬ, ಅದೇ ಕಲಸುಮೇಲೋಗರ. ಇಷ್ಟು ಓದಿದವಳಿಗೆ ಇದು ಗೊತ್ತಾಗದ ವಿಷಯವೇನಲ್ಲ. ಗೊತ್ತು ಮಾಡಿಕೊಳ್ಳಲು ಅವಳಿಗೆ ಮನಸ್ಸಿರಲಿಲ್ಲ, ಅಷ್ಟೇ.

ಹಡಗುಕಟ್ಟೆಯ ಹಳೇ ಕಂಬಗಳನ್ನು ನೋಡಲು ಹೋದ ದಿನ ಅವಳೂ ದೋಣಿಯಲ್ಲಿದ್ದಳು. ಆಕಾಶ ತಿಳಿಯಾಗಿತ್ತು, ನೀರು ಶಾಂತವಾಗಿತ್ತು, ಕೆಡುಕು ನಡೆಯುವ ದಿನದ ಲಕ್ಷಣ ಒಂದೂ ಇರಲಿಲ್ಲ. ಭಾವ ಇಳಿದ. ಪರದೆಯ ಮೇಲೆ ‘ಎಲ್ಲ ಸರಿ’ ಬಂತು. ಸ್ವಲ್ಪ ಹೊತ್ತಿಗೆ ಮತ್ತೆ ಬಂತು. ಆಮೇಲೆ ಒಂದರ ಹಿಂದೆ ಒಂದು ಬರತೊಡಗಿತು: ಎಲ್ಲ ಸರಿ, ಎಲ್ಲ ಸರಿ, ಎಲ್ಲ ಸರಿ. ದೋಣಿಯ ಮೇಸ್ತ್ರಿ, ಇದೇನಮ್ಮ ನಿಮ್ಮ ಭಾವ ಇವತ್ತು ಕೆಳಗಿನಿಂದಲೇ ಹರಟೆ ಶುರು ಮಾಡಿದಾರೆ ಎಂದ. ಅವಳು ನಕ್ಕಳು. ಹಸಿರು ಅಕ್ಷರ ಒಂದೊಂದು ಸಲ ಮಿನುಗಿದಾಗಲೂ ಅವಳಿಗೆ ಒಳಗೊಳಗೇ ಹೆಮ್ಮೆ. ಇಷ್ಟು ಕಂಬಗಳ ನಡುವಿನಿಂದಲೂ ನನ್ನ ರಿಸೀವರು ಒಂದೂ ಬಿಡದೆ ಹಿಡಿಯುತ್ತಿದೆಯಲ್ಲ ಎಂದು.

ಆ ಹೊತ್ತಿಗೆ ಕೆಳಗೆ ಭಾವನ ಕಾಲು, ಬೆನ್ನಿನ ಗಾಳಿ ಸಿಲಿಂಡರು, ಎಲ್ಲ ಯಾರೋ ಬಿಸಾಡಿದ ಹಳೇ ಬಲೆಯಲ್ಲಿ ಸುತ್ತಿಕೊಂಡಿದ್ದವು. ಕದಡಿದ ಕೆಸರಿನಲ್ಲಿ ಅವನಿಗೆ ಅವನ ಕೈಯೇ ಕಾಣುತ್ತಿರಲಿಲ್ಲ. ಒತ್ತಿದ, ಕಾದ. ಒತ್ತಿದ, ಕಾದ. ಮೇಲಿನಿಂದ ಯಾರೂ ಬರಲಿಲ್ಲ. ಕೊನೆಗೆ ಸೊಂಟದ ಚಾಕು ತೆಗೆದು ಬಲೆ ಕೊಯ್ದುಕೊಂಡು, ಇದ್ದಬದ್ದ ಗಾಳಿಯಲ್ಲಿ, ನಿಧಾನವಾಗಿ ಏರಬೇಕಾದ ನೀರನ್ನು ಒಂದೇ ಉಸಿರಿಗೆ ಏರಿ ಬಂದ. ಮೇಲೆ ಎಳೆದುಕೊಂಡಾಗ ಅವನ ಒಂದು ಕಿವಿಯಿಂದ ರಕ್ತ ಇಳಿಯುತ್ತಿತ್ತು. ಮುಖದ ಮಾಸ್ಕು ಕಿತ್ತೆಸೆದು, ನಿಮಗೇನು ಕಣ್ಣಿಲ್ವಾ, ಎಷ್ಟು ಸಲ ಒತ್ತಲಿ, ಮುಳುಗಿ ಸಾಯಲಿ ಅಂತ ಕೂತಿದ್ರಾ ಎಂದು ಬಾಯಿಗೆ ಬಂದಂತೆ ಬೈದ. ಮೇಸ್ತ್ರಿ ಪರದೆಯನ್ನು ಅವನ ಕಡೆಗೆ ತಿರುಗಿಸಿದ. ಮೇಲಿನಿಂದ ಕೆಳತನಕ ಹಸಿರು. ಭಾವ ಅದನ್ನು ನೋಡಿದ, ತನ್ನ ಮುಂಗೈ ನೋಡಿಕೊಂಡ, ಸುಮ್ಮನಾದ. ಅವನು ಮಾತಿಲ್ಲದೆ ಕೂತದ್ದನ್ನು ಅವಳು ನೋಡಿದ್ದು ಅದೇ ಮೊದಲು.

ಮಾರನೆಯ ಬೆಳಿಗ್ಗೆ ಶೆಡ್ಡಿಗೆ ಎಲ್ಲರಿಗಿಂತ ಮೊದಲು ಬಂದಳು. ಮೈಕು ಹಿಡಿದ ಸದ್ದೆಲ್ಲ ರಿಸೀವರಿನಲ್ಲಿ ಉಳಿದಿರುತ್ತದೆ. ಅದನ್ನು ಮತ್ತೆ ಹಾಕಿ, ತಾನು ಸೇರಿಸಿದ್ದ ಒಲವನ್ನು ತೆಗೆದು, ಓಡಿಸಿದಳು. ‘ಸಿಕ್ಕಿಕೊಂಡಿದ್ದೇನೆ’ ಎಂದು ಬಂತು. ಮತ್ತೆ ಓಡಿಸಿದಳು. ಸಿಕ್ಕಿಕೊಂಡಿದ್ದೇನೆ, ಸಿಕ್ಕಿಕೊಂಡಿದ್ದೇನೆ, ಸಿಕ್ಕಿಕೊಂಡಿದ್ದೇನೆ. ಮೊದಲ ಎರಡು ಬಿಟ್ಟರೆ ಉಳಿದದ್ದೆಲ್ಲ ಅದೇ. ತಾನು ದೋಣಿಯಲ್ಲಿ ನಗುತ್ತಾ ಕೂತಿದ್ದಾಗ ಆ ಮನುಷ್ಯ ಕೆಳಗೆ ಕೂಗುತ್ತಿದ್ದ, ತನ್ನ ಯಂತ್ರ ಆ ಕೂಗನ್ನು ಪ್ರತಿ ಸಲವೂ ಹಿಡಿದು, ಒರೆಸಿ, ಅದರ ಮೇಲೆ ಎಲ್ಲ ಸರಿ ಎಂದು ಬರೆದು ತೋರಿಸಿತ್ತು.

ಹೇಳಲು ಅವಕಾಶ ಇರಲಿಲ್ಲ ಎನ್ನುವ ಹಾಗಿಲ್ಲ. ಅದೇ ದಿನ ಮಧ್ಯಾಹ್ನ ಮುಖ್ಯಸ್ಥರು ವಿಚಾರಣೆಗೆ ಕೂತರು. ಭಾವ ತಾನು ಒತ್ತಿದ್ದು ಸರಿಯಾದ ಬಟನ್ನೇ ಎಂದ. ಮೇಸ್ತ್ರಿ ಪರದೆಯಲ್ಲಿ ಕಂಡದ್ದನ್ನು ಹೇಳಿದ. ಮುಖ್ಯಸ್ಥರು ಅವಳ ಕಡೆ ತಿರುಗಿ ಯಂತ್ರದಲ್ಲಿ ಏನಾದರೂ ದೋಷವಿದೆಯೇ ಎಂದು ಕೇಳಿದರು. ಕೋಣೆಯಲ್ಲಿ ಎಲ್ಲರ ಕಣ್ಣು ಅವಳ ಮೇಲೆ. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹೇಳಿದರೆ ಏನಾಗುತ್ತದೆ ಎನ್ನುವುದೂ ಅದೇ ಗಳಿಗೆಯಲ್ಲಿ ಕಣ್ಣ ಮುಂದೆ ಬಂತು: ಮತ್ತೆ ಆ ನಗು. ಈ ಸಲ ಬರೀ ನಗುವೂ ಅಲ್ಲ, ಪುಕ್ಕಲು ಕಿವಿಯವಳು ನಗುವಿಗೆ ಹೆದರಿ ಮನುಷ್ಯನನ್ನೇ ಮುಳುಗಿಸಲು ಹೊರಟಿದ್ದಳು ಎನ್ನುವ ಮಾತು. ಅವಳ ಬಾಯಿಂದ ಬಂದದ್ದು, "ದೋಷ ಏನೂ ಕಾಣಲಿಲ್ಲ ಸರ್."

ಅಷ್ಟೇ ಸಾಕಾಯಿತು. ಗಾಬರಿಯಲ್ಲಿ ಡೈವರ್ ತಪ್ಪು ಬಟನ್ ಒತ್ತಿದ್ದಾನೆ ಎಂದು ತೀರ್ಮಾನವಾಯಿತು. ಗಾಬರಿ ಬೀಳುವವನನ್ನು ನೀರಿಗೆ ಇಳಿಸುವಂತಿಲ್ಲ. ಭಾವನನ್ನು ಸ್ಟೋರಿಗೆ ಹಾಕಿದರು. ಬೇರೆಯವರು ತೊಟ್ಟು ಬಂದ ರಬ್ಬರ್ ಸೂಟುಗಳನ್ನು ಸಿಹಿನೀರಿನಲ್ಲಿ ತೊಳೆದು ನೇತುಹಾಕುವ ಕೆಲಸ. ಹಾದುಹೋಗುವವರು ಏನ್ ಭಾವ, ಎಲ್ಲ ಸರೀನಾ ಎಂದು ಕೇಳುತ್ತಿದ್ದರು. ಮೊದಮೊದಲು ಅವನು ಏನಾದರೊಂದು ತಿರುಗಿಸಿ ಹೇಳುತ್ತಿದ್ದ. ಆಮೇಲೆ ಅದೂ ನಿಂತಿತು. ಮೀನಿನ ಕಥೆಗಳೂ ನಿಂತವು, ಕೇಳುವವರೇ ಇಲ್ಲದ ಮೇಲೆ ಯಾರಿಗೆ ಹೇಳುತ್ತಾನೆ.

ಕಿವಿಯಮ್ಮ ಒಂದು ಮಾಡಿದಳು. ಯಾರಿಗೂ ಹೇಳದೆ ಅಪಾಯದ ಬಟನ್ನಿಗೆ ಒಲವು ತಗಲದಂತೆ ತಿದ್ದಿದಳು. ದೂರದ ದೋಣಿಯ ಸದ್ದನ್ನು ಬೇರೆ ಮಾಡಿ ಗುರುತಿಸುವ ದಾರಿಯನ್ನೂ ಹುಡುಕಿದಳು, ಮೊದಲೇ ಪಡಬೇಕಾಗಿದ್ದ ಕಷ್ಟವನ್ನು ಈಗ ಪಟ್ಟಳು. ಯಂತ್ರ ನಿಜವಾಗಿಯೂ ಒಳ್ಳೆಯದಾಯಿತು. ಇನ್ನು ಯಾರ ಜೀವಕ್ಕೂ ಅಪಾಯವಿಲ್ಲ, ಭಾವನೂ ಹೇಗೋ ಬದುಕಿ ಬಂದಿದ್ದಾನೆ, ಸುಮ್ಮನೆ ಕೆದಕಿ ಯಾರಿಗೇನು ಲಾಭ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಉಳಿದದ್ದು ಒಬ್ಬ ಮನುಷ್ಯನ ಮಾತಿಗಿದ್ದ ಬೆಲೆ, ಅಷ್ಟೇ ತಾನೇ. ಹೀಗೆಲ್ಲ ಅಂದುಕೊಂಡರೂ ಸ್ಟೋರಿನ ಮುಂದೆ ಹಾಯುವುದನ್ನು ಬಿಟ್ಟು, ಹಿಂಬಾಗಿಲಿನಿಂದ ಸುತ್ತುಹಾಕಿಕೊಂಡು ಬರುವುದು ರೂಢಿಯಾಯಿತು.

ಒಂದು ಭಾನುವಾರ ಬೆಳಿಗ್ಗೆ ಅವನೇ ಮನೆಗೆ ಬಂದ. ಕೈಯಲ್ಲಿ ಕಿತ್ತಳೆ ಹಣ್ಣಿನ ಚೀಲ, ಕಿವಿಯಲ್ಲಿ ಹತ್ತಿ. ಬಾಗಿಲಿನಿಂದಲೇ ಜೋರು ಮಾಡಿಕೊಂಡು ಬರುವವನು ಅವತ್ತು ಬೆಲ್ಲು ಒತ್ತಿ, ತೆರೆಯುವ ತನಕ ನಿಂತಿದ್ದ. ಕುರ್ಚಿಯ ತುದಿಯಲ್ಲಿ ಕೂತ. ಟೀ ಬೇಡ ಎಂದ. ಗೊತ್ತಾಗಿಬಿಟ್ಟಿದೆ, ಕೇಳಲಿಕ್ಕೇ ಬಂದಿದ್ದಾನೆ ಎಂದುಕೊಂಡಳು.

"ಅವತ್ತು ದೋಣಿಯಲ್ಲಿ ಎಲ್ಲರ ಮುಂದೆ ನಿನ್ನನ್ನೂ ಬಾಯಿಗೆ ಬಂದ ಹಾಗೆ ಬೈದುಬಿಟ್ಟೆ," ಎಂದ ಭಾವ. "ತಪ್ಪು ನನ್ನದೇ ಇರಬೇಕು. ಮನಸ್ಸಲ್ಲಿ ಇಟ್ಕೋಬೇಡ."

ಪಾಠ ಒಪ್ಪಿಸುವವನ ಹಾಗೆ ಅಷ್ಟನ್ನೂ ಒಂದೇ ಸಲಕ್ಕೆ ಹೇಳಿ ನೆಲ ನೋಡಿದ. ಆಮೇಲೆ ತಾನಾಗಿಯೇ ಇನ್ನೂ ಸ್ವಲ್ಪ ಹೇಳಿದ. ಸ್ಟೋರಿನಿಂದ ಒಂದು ಹಳೇ ಡಬ್ಬಿ ಕೇಳಿ ತಂದಿದ್ದಾನಂತೆ. ಮನೆಯಲ್ಲಿ ಅದನ್ನು ಕಟ್ಟಿಕೊಂಡು ಕಣ್ಣು ಮುಚ್ಚಿ ಒತ್ತಿ ನೋಡುತ್ತಾನಂತೆ. ಪ್ರತಿ ಸಲವೂ ಬೆರಳು ಸರಿಯಾದ ಕಡೆಗೇ ಹೋಗುತ್ತದಂತೆ. ಆದರೆ ಮನೆ ಬೇರೆ, ಕೆಳಗಿನ ಕತ್ತಲೆ ಬೇರೆ, ಅಲ್ಲಿ ಕೈ ಏನು ಮಾಡಿತೋ ಏನೋ, ಈಗೀಗ ನನಗೂ ಅನುಮಾನ ಬರ್ತಿದೆ ಎಂದ.

ಹೇಳಿಬಿಡು ಎಂದು ಅವಳೊಳಗೆ ಯಾರೋ ಬಡಿದುಕೊಳ್ಳುತ್ತಿದ್ದರು. ಇಷ್ಟು ಹತ್ತಿರ, ಇಬ್ಬರೇ ಇದ್ದಾಗ, ಇದಕ್ಕಿಂತ ಸುಲಭದ ಗಳಿಗೆ ಇನ್ನೆಲ್ಲಿ ಸಿಗಬೇಕು. ಅವಳು ಹೇಳಿದ್ದು ಹೀಗೆ: "ಇರ್ಲಿ ಬಿಡಿ ಭಾವ. ಗಾಬರೀಲಿ ಯಾರಿಗಾದ್ರೂ ಹಾಗಾಗುತ್ತೆ."

ನೋಡಿ, ಕ್ಷಮಿಸಿಯೂಬಿಟ್ಟಳು! ಮಾಡದ ತಪ್ಪಿಗೆ ಅವನು ಕ್ಷಮೆ ಕೇಳಿದ, ಮಾಡಿದವಳು ದೊಡ್ಡ ಮನಸ್ಸು ಮಾಡಿ ಕೊಟ್ಟಳು. ಅವನು ಹೋದ ಮೇಲೆ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡಳು, ಕನ್ನಡಿ ಕಡೆ ತಲೆಯೆತ್ತಲಿಲ್ಲ. ಹಣ್ಣುಗಳನ್ನು ಚೀಲದ ಸಮೇತ ಪಕ್ಕದ ಮನೆಯವರಿಗೆ ಕೊಟ್ಟಳು.

ಇದಾಗಿ ಕೆಲವು ವಾರಕ್ಕೆ ಹೊಸ ಡೈವರುಗಳ ತಂಡವೊಂದು ತರಬೇತಿಗೆ ಬಂತು. ಶೆಡ್ಡಿನ ತೊಟ್ಟಿಯ ಪಕ್ಕ ಬೆಂಚು ಹಾಕಿ ಕೂರಿಸಿದರು. ಯಂತ್ರದ ಬಗ್ಗೆ ಕಿವಿಯಮ್ಮ ಹೇಳಬೇಕಿತ್ತು, ಹೇಳಿದಳು. ಅದಾದ ಮೇಲೆ ಮುಖ್ಯಸ್ಥರು ಸ್ಟೋರಿನಿಂದ ಭಾವನನ್ನು ಕರೆಸಿದರು. ಗಾಬರಿ ಎಂದರೇನು ಎನ್ನುವುದನ್ನು ಪುಸ್ತಕಕ್ಕಿಂತ ಅನುಭವಸ್ಥರು ಚೆನ್ನಾಗಿ ಹೇಳುತ್ತಾರೆ ಎಂದರು. ಅವರಿಗೆ ಕೆಟ್ಟ ಮನಸ್ಸೇನೂ ಇರಲಿಲ್ಲ. ಒಬ್ಬನ ತಪ್ಪು ಹತ್ತು ಜನಕ್ಕೆ ಪಾಠವಾಗಲಿ ಎಂದಷ್ಟೇ.

ಭಾವ ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ನಿಂತ. ಇದೇ ಜಾಗದಲ್ಲಿ ನಿಂತು ಅವನು ಎಷ್ಟು ಸಲ ಜನರನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸಿದ್ದನೋ. ಈಗ ಮೆಲ್ಲಗೆ, ಒಂದೊಂದೇ ಮಾತು ಹೇಳಿದ. ನೀರಿನಲ್ಲಿ ಎಷ್ಟು ವರ್ಷ ಕಳೆದಿದ್ದರೂ ಒಂದು ದಿನ ತಲೆ ಕೆಡುತ್ತದೆ, ನನಗೆ ಕೆಟ್ಟಿತು. ಸರಿಯಾದ ಬಟನ್ ಒತ್ತುತ್ತಿದ್ದೇನೆ ಎಂದು ನನಗೆ ಪೂರ್ತಿ ನಂಬಿಕೆ ಇತ್ತು, ಆದರೆ ಒತ್ತಿದ್ದು ಬೇರೆ. ನಿಮ್ಮ ಕೈಯನ್ನು ನೀವು ನಂಬಬೇಡಿ, ಒತ್ತುವ ಮೊದಲು ಮುಟ್ಟಿ ಎಣಿಸಿ, ನನ್ನ ಹಾಗೆ ಮಾಡಿಕೊಳ್ಳಬೇಡಿ. ಮುಂದಿನ ಸಾಲಿನವನೊಬ್ಬ ನಗು ತಡೆಯಲಾರದೆ ಬಾಯಿಗೆ ಕೈ ಅಡ್ಡ ಹಿಡಿದ. ಭಾವನಿಗೆ ಅದು ಕಂಡಿತು. ಕಂಡರೂ ಮಾತು ಮುಂದುವರಿಸಿದ.

ಕಿವಿಯಮ್ಮನಿಗೆ ಅಲ್ಲೇ ನೆಲ ಬಾಯಿ ತೆರೆದು ನುಂಗಬಾರದೇ ಅನಿಸಿತು. ನೆಲ ಯಾರನ್ನೂ ಹಾಗೆ ಸುಲಭಕ್ಕೆ ನುಂಗುವುದಿಲ್ಲ. ತಾನು ಎದ್ದು ನಿಂತದ್ದು ಅವಳಿಗೆ ಗೊತ್ತಾದದ್ದು ಕುರ್ಚಿ ಹಿಂದಕ್ಕೆ ಸರಿದ ಸದ್ದಿನಿಂದ.

"ಸಾಕು ಭಾವ," ಎಂದಳು. "ನೀವು ಸರಿಯಾಗೇ ಒತ್ತಿದ್ರಿ. ತಪ್ಪಾಗಿ ತೋರಿಸಿದ್ದು ನನ್ನ ರಿಸೀವರು."

ಆಮೇಲೆ ಒಂದೊಂದಾಗಿ ಹೇಳಿದಳು. ಒಲವು ಸೇರಿಸಿದ್ದು, ಯಾಕೆ ಸೇರಿಸಿದ್ದು, ನಗುವಿಗೆ ಹೆದರಿ ತೆಗೆಯದೇ ಬಿಟ್ಟದ್ದು. ಮೇಜಿಗೆ ಹೋಗಿ ಅವತ್ತಿನ ಸದ್ದನ್ನು ಹಾಕಿದಳು. ದೊಡ್ಡ ಪರದೆಯ ಮೇಲೆ ಕೆಂಪು ಅಕ್ಷರಗಳು ಒಂದರ ಕೆಳಗೆ ಒಂದು ಇಳಿದು ಬಂದವು. ಬೆಂಚಿನಲ್ಲಿ ಯಾರೂ ನಗಲಿಲ್ಲ. ಬಾಯಿಗೆ ಕೈ ಹಿಡಿದಿದ್ದವನು ಕೈ ಇಳಿಸಿ ಭಾವನ ಮುಖ ನೋಡುತ್ತಿದ್ದ. ಮುಖ್ಯಸ್ಥರು ತುಂಬ ಹೊತ್ತು ಪರದೆ ನೋಡಿ, ಅವತ್ತಿನ ತರಬೇತಿ ಇಲ್ಲಿಗೆ ಸಾಕು ಎಂದರು. ಅವಳನ್ನು ಕೋಣೆಗೆ ಕರೆದು, ಇನ್ನು ರಿಸೀವರಿನ ಹತ್ತಿರ ಸುಳಿಯಬೇಡಿ, ಮುಂದೇನು ಎಂದು ಮೇಲಿನವರು ಹೇಳುವ ತನಕ ಮನೆಯಲ್ಲಿರಿ ಎಂದರು. ಭಾವನನ್ನು ಮತ್ತೆ ನೀರಿಗೆ ಇಳಿಸುವುದಾಗಿ ಎಲ್ಲರ ಎದುರೇ ಅವನ ಕೈ ಹಿಡಿದು ಹೇಳಿದ್ದರು. ಅವಳಿಗೆ ಕೆಲಸ ಹೋದರೂ ಹೋಗಲಿ ಅನಿಸಿತ್ತು. ನಿಜ ಹೇಳಬೇಕೆಂದರೆ, ತಿಂಗಳುಗಳ ಮೇಲೆ ಮೊದಲ ಸಲ ಎದೆ ಹಗುರಾಗಿತ್ತು.

ಆ ಹಗುರ ಶೆಡ್ಡಿನ ಹಿಂದಿನ ನಲ್ಲಿಯ ತನಕವೂ ಬಾಳಲಿಲ್ಲ. ಭಾವ ಅಲ್ಲಿ ಅರ್ಧಕ್ಕೆ ಬಿಟ್ಟು ಬಂದ ಸೂಟು ತೊಳೆಯುತ್ತಿದ್ದ. ಬಿಡಿ ಭಾವ, ಇನ್ನು ಯಾಕೆ ಇದೆಲ್ಲ ಎಂದಳು. ಅವನು ನಲ್ಲಿ ನಿಲ್ಲಿಸಿದ.

"ಒಂದು ಮಾತು ಕೇಳ್ತೀನಿ. ನಾನು ಹಣ್ಣು ತಗೊಂಡು ಮನೆಗೆ ಬಂದಿದ್ನಲ್ಲ. ಅವತ್ತು ನಿನಗೆ ಇದು ಗೊತ್ತಿತ್ತಾ?"

ಇಡೀ ಶೆಡ್ಡಿನ ಮುಂದೆ ಹೇಳಿದ ಮಾತುಗಳಲ್ಲಿ ಇದೊಂದು ಇರಲಿಲ್ಲ. ಅವರೆಲ್ಲ ಅವಳಿಗೆ ಈಗ ತಾನೇ ಗೊತ್ತಾಗಿದೆ ಎಂದುಕೊಂಡಿರಬಹುದು, ಅವಳೂ ತಿದ್ದಲು ಹೋಗಿರಲಿಲ್ಲ.

"ಗೊತ್ತಿತ್ತು," ಎಂದಳು.

ಭಾವ ತಲೆಯಾಡಿಸಿದ. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಸೂಟನ್ನು ಕೊಡವಿ ತಂತಿಗೆ ಹಾಕಿ, ಅವಳ ಕಡೆ ನೋಡದೆ ಹೇಳಿದ: "ನಿಮ್ಮಕ್ಕನಿಗೆ ಇದನ್ನ ಹೇಳ್ಬೇಡ. ಇವತ್ತು ಬೆಳಿಗ್ಗೆ ಗೊತ್ತಾಯ್ತು, ಗೊತ್ತಾದ ತಕ್ಷಣ ಹೇಳಿದ್ಲು ಅಂತ ನಾನು ಹೇಳ್ತೀನಿ."

ಸಂಜೆ ಅಕ್ಕನ ಮನೆಗೆ ಹೋಗದೆ ಇರಲು ಅವಳಿಗೆ ಆಗಲಿಲ್ಲ. ದಾರಿಯುದ್ದಕ್ಕೂ ಭಾವನ ಮಾತೇ. ಎಂಥ ಮನುಷ್ಯ! ಅಷ್ಟು ಅನ್ಯಾಯ ಮಾಡಿದವಳ ಮಾನ ಉಳಿಸಲು ಈಗ ಹೆಂಡತಿಯ ಮುಂದೆ ಸುಳ್ಳು ಹೇಳಲೂ ಸಿದ್ಧನಾಗಿದ್ದಾನೆ. ಸುಳ್ಳುಗಾರ ಎಂಬ ಹಣೆಪಟ್ಟಿ ಕಳಚಿ ಅರ್ಧ ದಿನವೂ ಆಗಿಲ್ಲ, ಮತ್ತೆ ತನಗಾಗಿ ಅದನ್ನು ಅಂಟಿಸಿಕೊಳ್ಳುತ್ತಿದ್ದಾನೆ. ಇಷ್ಟು ಉಪಕಾರ ತೆಗೆದುಕೊಂಡು ತಾನು ಬದುಕುವುದು ಹೇಗೆ? ಬಾಗಿಲು ತಟ್ಟುವಷ್ಟರಲ್ಲಿ ಅವಳು ನಿರ್ಧಾರ ಮಾಡಿಯಾಗಿತ್ತು.

ಅಕ್ಕ ಬಾಗಿಲಲ್ಲೇ ಅವಳನ್ನು ತಬ್ಬಿಕೊಂಡಳು. ಅಮ್ಮ ಹೋದ ಮೇಲೆ ಅವಳಿಗೆ ಜಡೆ ಹಾಕಿದ್ದು, ಬೈದದ್ದು, ಓದಿಸಿದ್ದು ಎಲ್ಲ ಈ ಅಕ್ಕನೇ. ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು. ಗೊತ್ತಾದ ಕೂಡಲೇ ಅಷ್ಟು ಜನರ ಮುಂದೆ ಎದ್ದು ನಿಂತು ಒಪ್ಪಿಕೊಂಡೆಯಂತಲ್ಲ, ಆ ಎದೆಗಾರಿಕೆ ಯಾರಿಗಿರುತ್ತದೆ, ನಾನು ಬೆಳೆಸಿದ್ದು ಸಾರ್ಥಕ ಆಯ್ತು ಕಣೇ ಎಂದಳು. ಒಳಗೆ ಕರೆದುಕೊಂಡು ಹೋಗಿ ಭಾವನ ಪಕ್ಕದಲ್ಲಿ ಇವಳಿಗೂ ತಟ್ಟೆ ಇಟ್ಟಳು. ಭಾವ ಊಟದಿಂದ ತಲೆ ಎತ್ತಲಿಲ್ಲ.

"ಇವತ್ತಲ್ಲ ಅಕ್ಕ," ಎಂದಳು ಕಿವಿಯಮ್ಮ. "ಮಾರನೇ ದಿನಾನೇ ಗೊತ್ತಿತ್ತು. ಭಾವ ಹಣ್ಣು ತಂದು ಕ್ಷಮೆ ಕೇಳಿದ್ರಲ್ಲ, ಆಗ್ಲೂ ಗೊತ್ತಿತ್ತು."

ಬಡಿಸುತ್ತಿದ್ದ ಅಕ್ಕನ ಕೈ ನಿಂತಿತು. ಸಿಟ್ಟು ಬರುತ್ತದೆ, ಕೆನ್ನೆಗೆ ಹೊಡೆದರೂ ಹೊಡೆಯಲಿ ಎಂದು ಇವಳು ಕಾದಳು. ಆದರೆ ಅಕ್ಕ ಇವಳ ಕಡೆ ತಿರುಗಲೇ ಇಲ್ಲ. ಸೌಟನ್ನು ಪಾತ್ರೆಯಲ್ಲಿ ಬಿಟ್ಟು ಗಂಡನ ಎದುರಿನ ಕುರ್ಚಿಯಲ್ಲಿ ಕುಸಿದು ಕೂತಳು.

"ಕಳಿಸಿದ್ದು ನಾನು," ಎಂದಳು. "ಇವರು ಒಪ್ಪಿರಲಿಲ್ಲ ಕಣೇ. ನಾನು ಸರಿಯಾಗೇ ಒತ್ತಿದ್ದೆ, ನೀನಾದ್ರೂ ನಂಬು ಅಂತ ಅಂಗಲಾಚಿದ್ರು. ದೋಷ ಇಲ್ಲ ಅಂತ ಹೇಳಿದ್ದು ನನ್ನ ತಂಗಿ, ಅವಳು ಸುಳ್ಳು ಹೇಳ್ತಾಳಾ, ಸುಳ್ಳು ಹೇಳೋ ಚಾಳಿ ನಿಮ್ಮದು ಅಂದೆ. ಹಣ್ಣು ಕೈಗೆ ಕೊಟ್ಟು, ಹೋಗಿ ಕ್ಷಮೆ ಕೇಳಿಯೇ ಮನೆಗೆ ಬನ್ನಿ ಅಂದೆ."

ಭಾವ ತಟ್ಟೆ ಸರಿಸಿ ಹೆಂಡತಿಯ ಕೈ ಹಿಡಿದುಕೊಂಡ. ಹೋಗ್ಲಿ ಬಿಡು, ನನ್ನ ಬಾಯಿ ನೆಟ್ಟಗಿದ್ದಿದ್ರೆ ನೀನೂ ನಂಬ್ತಿದ್ದೆ ಎಂದು ಸಮಾಧಾನ ಹೇಳಿದ. ಅಕ್ಕ ಅವನ ಕೈಯ ಮೇಲೆ ಹಣೆ ಇಟ್ಟು, ಸದ್ದಿಲ್ಲದೆ ಅಳತೊಡಗಿದಳು. ಅವನು ಆಗ ಮೊದಲ ಸಲ ನಾದಿನಿಯ ಕಡೆ ನೇರವಾಗಿ ನೋಡಿದ.

"ಹೇಳ್ಬೇಡ ಅಂದದ್ದು ನಿನಗೋಸ್ಕರ ಅಂದ್ಕೊಂಡ್ಯಾ?"

ಕಿವಿಯಮ್ಮ ಎದ್ದಳು. ಬಾಗಿಲ ಹತ್ತಿರ ಬಗ್ಗಿ ಚಪ್ಪಲಿ ಹಾಕಿಕೊಂಡಳು. ಆ ಮನೆಯಿಂದ ಅವಳು ಉಣ್ಣದೆ ಹೊರಟದ್ದು ಅದೇ ಮೊದಲು. ಕೂತು ಊಟ ಮಾಡಿ ಹೋಗು ಎಂದು ಒಳಗಿನಿಂದ ಯಾರೂ ಕರೆಯಲಿಲ್ಲ.